ಅರ್ಧ ಮನೆ ಇಳಿದ ಶ್ರುತಿ

ಕ್ರೋಂಪೇಟೆಯ ನಮ್ಮ ಫ್ಲ್ಯಾಟಿನಲ್ಲಿ ಬೆಳಿಗ್ಗೆ ನೀರಿನ ಮೋಟಾರ್ ಸದ್ದು ನಿಂತ ಮೇಲೆ ನಾನು ಹಾಡಲು ಕೂರುತ್ತೇನೆ. ಹಾಡಿ ಎದ್ದ ಮೇಲೆ ಡೈರಿಯಲ್ಲಿ ಎರಡು ಸಾಲು: ಯಾವ ರಾಗ, ಎಷ್ಟು ಹೊತ್ತು, ಗಂಟಲು ಹೇಗಿತ್ತು, ಶ್ರುತಿ ಎಷ್ಟು. ಶ್ರುತಿಯ ಜಾಗದಲ್ಲಿ ಮೂವತ್ತು ವರ್ಷಗಳಿಂದ ಒಂದೇ ಅಂಕಿ, ಐದು. ಹಾರ್ಮೋನಿಯಂನ ಐದನೆಯ ಬಿಳಿಮನೆ ಅದು.

ನನ್ನ ಬರವಣಿಗೆ ಹುಟ್ಟಿದ್ದೂ ಆ ಡೈರಿಗಳಿಂದಲೇ. ಸಂಗೀತದ ಬಗ್ಗೆ ಬರೆದ ಪ್ರಬಂಧಗಳ ಪುಸ್ತಕವೊಂದರ ಕರಡಚ್ಚು ಆ ವಾರ ತಿದ್ದಲು ಬಂದಿತ್ತು. ಅದರಲ್ಲಿ ನಾನೇ ಬರೆದುಕೊಂಡಿದ್ದೆ: ಶ್ರುತಿ ಒಂದು ಕೂದಲೆಳೆ ಆಚೀಚೆ ಆದರೂ ನನ್ನ ಕಿವಿ ಸುಮ್ಮನಿರುವುದಿಲ್ಲ.

ಅದೇ ಭಾನುವಾರ ನನ್ನ ಸಂಗೀತ ಕಛೇರಿ ಇತ್ತು. ಗುರುವಾರ ಮಗಳು ಆಫೀಸಿಗೆ ಬೇಗ ಹೊರಟಳು. ನನ್ನ ಹಿಂದೆ ಕೂತು ತಂಬೂರಿ ನೋಡಿಕೊಳ್ಳುವವಳು ಅವಳೇ. ಆ ತಂಬೂರಿ ಇರುವುದು ಅವಳ ಫೋನಿನೊಳಗೆ. ಸರಿ, ಅಟ್ಟದಿಂದ ಹಳೆಯ ಶ್ರುತಿಪೆಟ್ಟಿಗೆ ಇಳಿಸಿ, ಧೂಳು ಒರೆಸಿ, ಐದಕ್ಕೆ ತೆರೆದು ತಿದಿ ಒತ್ತಿದೆ. ಷಡ್ಜ ಹಿಡಿದಾಗಲೇ ಏನೋ ಬಿಗಿತ. ಮೇಲಿನ ಪಂಚಮಕ್ಕೆ ಹೋದಾಗ ದನಿ ಒಡೆದೇ ಹೋಯಿತು. ಮತ್ತೆ ಹೋದೆ. ಮತ್ತೆ ಒಡೆಯಿತು.

ಸಂಜೆ ಮಗಳು ಚಪ್ಪಲಿ ಬಿಡುವ ಮೊದಲೇ ಹೇಳಿದೆ: "ಈ ಪೆಟ್ಟಿಗೆ ಕೆಟ್ಟಿದೆ ಕಣೇ. ಶ್ರುತಿ ಮೇಲಕ್ಕೆ ಹೋಗಿದೆ."

ಅವಳು ಊಟದ ಡಬ್ಬಿ ಹಿಡಿದು ಅಲ್ಲೇ ನಿಂತಳು. "ಅಮ್ಮಾ, ಪೆಟ್ಟಿಗೆ ಸರಿಯಾಗೇ ಇದೆ."

"ಮತ್ತೆ?"

"ಕೋಪ ಮಾಡ್ಕೋಬೇಡ. ನಾಂದಾನ್, ನಾನೇ ಇಳಿಸ್ದೆ. ಫೋನ್‌ನಲ್ಲಿ. ದಿನಾ ಕೊಂಚ ಕೊಂಚ, ನಿಂಗೆ ತಿಳೀಬಾರ್ದು ಅಂತ. ಮೂರು ತಿಂಗ್ಳಾಯ್ತು. ಈಗ ನೀನು ಹಾಡೋದು ಅರ್ಧ ಮನೆ ಕೆಳಗೆ, ನಾಲ್ಕೂವರೆ."

ನಾನು ನಕ್ಕೆ. ಆಮೇಲೆ ಅವಳು ಫೋನನ್ನೂ ಪೆಟ್ಟಿಗೆಯನ್ನೂ ಪಕ್ಕಪಕ್ಕದಲ್ಲಿಟ್ಟು ಒಟ್ಟಿಗೆ ನುಡಿಸಿದಳು. ಎರಡೂ ಒಂದನ್ನೊಂದು ತಿವಿಯುತ್ತಿದ್ದವು. ಕುರ್ಚಿ ಎಳೆದು ಕೂತೆ.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಒಪ್ತಿದ್ಯಾ? ವಯಸ್ಸಾಯ್ತು, ಶ್ರುತಿ ಇಳಿಸಿ ಅಂದ ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ಏನಂದೆ? ನೀವು ಮೂಗು ನೋಡಿ ಸಾಕು, ಶ್ರುತಿ ನಾನು ನೋಡ್ಕೋತೀನಿ ಅಂದು ಎದ್ದು ಬಂದೆ. ಆವಾಗ ದಿನಾ ಹಾಡಿದ್ಮೇಲೆ ಕೆಮ್ತಿದ್ದೆ. ಈಗ ಕೆಮ್ತೀಯಾ?"

ಕೆಮ್ಮುತ್ತಿರಲಿಲ್ಲ. ಡೈರಿ ತೆರೆದೆ. "ಗಂಟಲು ಹಗುರ." "ಇಂದು ಬಹಳ ಚೆನ್ನಾಗಿತ್ತು." ಪ್ರತಿ ದಿನದ ಕೊನೆಗೂ ನನ್ನದೇ ದುಂಡಗಿನ ಅಕ್ಷರದಲ್ಲಿ, ಐದು. ದನಿ ಇಳಿದದ್ದಕ್ಕಿಂತ ಕಿವಿಗೆ ಅದು ತಿಳಿಯಲಿಲ್ಲವಲ್ಲ ಎಂಬುದೇ ನನ್ನನ್ನು ಹೊಡೆದು ಹಾಕಿತು. ಕರಡಿನಲ್ಲಿ ಆ ಸಾಲು ಹುಡುಕಿ ಗೆರೆ ಎಳೆದೆ. ಬದಲಿಗೆ ಏನು ಬರೆಯಬೇಕೋ ಹೊಳೆಯಲಿಲ್ಲ.

ಮಗಳ ಜೊತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಐದರಲ್ಲೇ ಹಾಡಿ ತೋರಿಸುತ್ತೇನೆ ಎಂಬ ಹಠ. ಶನಿವಾರ ಹೊತ್ತಿಗೆ ಗಂಟಲಲ್ಲಿ ಮರಳು ತುಂಬಿದಂತಾಗಿತ್ತು.

ಭಾನುವಾರ ವೇದಿಕೆಯ ಹಿಂದಿನ ಕೋಣೆಯಲ್ಲಿ, ತಂತಿ ಕೂಡಿಸುತ್ತಿದ್ದ ವಯಲಿನ್ ಮಾಮಾ ಹತ್ತಿರ ಹೋಗಿ, ಕಷ್ಟಪಟ್ಟು ಬಾಯಿ ಬಿಟ್ಟೆ: "ಮಾಮಾ, ಇವತ್ತು ನಾಲ್ಕೂವರೆ ಇಟ್ಕೊಳ್ಳೋಣ."

ಅವರು ತಲೆ ಎತ್ತಲೂ ಇಲ್ಲ. "ಹೋದ ಎರಡು ಕಛೇರೀಲೂ ಹೆಚ್ಚುಕಮ್ಮಿ ಅಲ್ಲೇ ತಾನೇಮ್ಮಾ ಹಾಡಿದ್ದು?"

ಮೃದಂಗದವರು ಮೆಲ್ಲಗೆ ನಕ್ಕರು. ಆಗ ನೆನಪಾಯಿತು. ಹಿಂದಿನ ತಿಂಗಳು ಮಾಧವರಂನ ಕಛೇರಿಗೆ ಅವರು ಬೇರೆ ಮೃದಂಗ ತಂದಿದ್ದರು. "ಹೊಸದಾ? ನಾದ ತುಂಬಾ ಚೆನ್ನಾಗಿದೆ" ಎಂದು ಮೆಚ್ಚಿದ್ದೆ. ಶ್ರುತಿ ಇಳಿದರೆ ಅದಕ್ಕೆ ಹೊಂದುವ ಮೃದಂಗವೇ ಬೇಕು. ಅಷ್ಟೂ ಜನಕ್ಕೆ ಗೊತ್ತಿತ್ತು.

ನಾನು ಕೆಂಪಾದೆನೋ ಬಿಳುಚಿದೆನೋ. ಮಗಳು ಫೋನನ್ನು ನನ್ನ ಮುಂದೆ ಹಿಡಿದಳು. ನಾಲ್ಕೂವರೆಯನ್ನು ನಾನೇ ಒತ್ತಿದೆ.