ಡಾಕ್ಟರ ದೋಣಿಗೆ ಹಚ್ಚಿದ ಎಣ್ಣೆ

ಲಂಡನ್ನಿನಲ್ಲಿ ಕೊಬ್ಬರಿ ಎಣ್ಣೆ ಕೊಳ್ಳುವವರಿಗೆ ನನ್ನದೊಂದು ಮಾತು. ಸಣ್ಣ ಬಾಯಿಯ ಬಾಟಲಿ ಕೊಳ್ಳಬೇಡಿ, ಅಗಲ ಬಾಯಿಯ ಡಬ್ಬಿ ಕೊಳ್ಳಿ. ಅಕ್ಟೋಬರ್ ಬಂತೆಂದರೆ ಎಣ್ಣೆ ಒಳಗೆ ಮೇಣದ ಹಾಗೆ ಕೂತುಬಿಡುತ್ತದೆ. ತಲೆಕೆಳಗು ಮಾಡಿ ಬಡಿದರೂ ಒಂದು ಹನಿ ಬೀಳುವುದಿಲ್ಲ. ಕಳೆದ ವಾರ ನನ್ನ ಹೆಂಡತಿ ಅಂಥದೇ ಒಂದು ಬಾಟಲಿಯನ್ನು ಮನೆ ಕಾಯಿಸುವ ರೇಡಿಯೇಟರ್ ಮೇಲಿಟ್ಟು ಮರೆತಿದ್ದಳು. ಮುಚ್ಚಳ ಸಡಿಲವಿತ್ತು. ಕೆಲಸ ಮುಗಿಸಿ ಬಾಗಿಲು ತೆಗೆದರೆ ಮನೆ ತುಂಬ ಬೆಚ್ಚಗಿನ ಕೊಬ್ಬರಿ ಎಣ್ಣೆಯ ವಾಸನೆ. ಬೇರೆಯವರಿಗೆ ಆ ವಾಸನೆಗೆ ಅಜ್ಜಿಯೋ ಅಭ್ಯಂಜನವೋ ನೆನಪಾಗಬಹುದು. ನನಗೆ ನೆನಪಾಗುವುದು ಒಂದು ತೊಟ್ಟಿಯಲ್ಲಿ ಹೊಟ್ಟೆ ಮೇಲಾಗಿ ತೇಲುತ್ತಿದ್ದ ಮೂರು ಮೀನು, ಮತ್ತು ಅವನ್ನು ನೋಡುತ್ತ ನಿಂತಿದ್ದ ಡಾಕ್ಟರು...

ಡಾಕ್ಟರು ಧಾರವಾಡದವರು. ಹೌನ್ಸ್ಲೋದಲ್ಲಿ ನಮ್ಮ ಬಾಡಿಗೆ ಮನೆಯಿಂದ ಮೂರನೆಯದು ಅವರ ಮನೆ. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಕೆಲಸ. "ಕೊಯ್ಯಾವ್ರು ಬ್ಯಾರೆ, ಹೊಲಿಯಾವ್ರು ಬ್ಯಾರೆ. ಮಲಗಿದವರ ಉಸಿರು ಕಾಯೂದಷ್ಟ ನಂದು" ಎನ್ನುತ್ತಿದ್ದರು. ನಾನು ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ನೆಲ ಗುಡಿಸುತ್ತ ಕಲಿತ ವಿದ್ಯೆಯನ್ನು ಗ್ರೀನ್‌ಫರ್ಡಿನ ಒಂದು ಶೆಡ್ಡಿನಲ್ಲಿ ಮಾರುತ್ತಿದ್ದೆ. ಹಳೆ ಬ್ಯಾಟರಿ, ಟ್ರೇಲರ್ ಚಕ್ರ, ಕ್ಯಾರವಾನಿನ ನೀರಿನ ಪಂಪು, ಕೈಗೆ ಸಿಕ್ಕಿದ್ದೆಲ್ಲ. ತೊಂಬತ್ತರ ದಶಕದ ಕೊನೆಯ ಮಾತು ಇದು.

ಒಮ್ಮೆ ಏನೋ ಸಮ್ಮೇಳನಕ್ಕೆಂದು ಕೆನಡಾಕ್ಕೆ ಹೋದ ಡಾಕ್ಟರನ್ನು ಅಲ್ಲಿಯ ಗೆಳೆಯರೊಬ್ಬರು ಕೆರೆಗೆ ಕರೆದೊಯ್ದರಂತೆ. ಅಲ್ಲಿ ವಾಲೈ ಎಂಬ ಮೀನು ಹಿಡಿಯುವ ಪಂದ್ಯ. ಒಂದೊಂದು ದೋಣಿಯೂ ಒಂದೊಂದು ಕಾರ್ಖಾನೆ: ಮುಂದೊಂದು ಸದ್ದಿಲ್ಲದ ವಿದ್ಯುತ್ ಮೋಟಾರು, ಹಿಂದೊಂದು ಪೆಟ್ರೋಲಿನದು, ನೀರಡಿಯ ಮೀನು ತೋರಿಸುವ ಪರದೆ, ಹಿಡಿದ ಮೀನನ್ನು ತೂಕದವರೆಗೆ ಜೀವಂತ ಇಡುವ ತೊಟ್ಟಿ. ಮನುಷ್ಯ ಹುಚ್ಚನಾಗಿ ವಾಪಸು ಬಂದರು. ಇಂಗ್ಲೆಂಡಿನಲ್ಲಿ ವಾಲೈ ಇಲ್ಲ. ಅದರ ದಾಯಾದಿ ಝಾಂಡರ್ ಇದೆ. ಗಾಜಿನ ಕಣ್ಣು, ನಾಯಿಯಂಥ ಕೋರೆಹಲ್ಲು. ವಿಮಾನ ನಿಲ್ದಾಣದ ಆಚೆ ಒಂದು ಜಲಾಶಯದಲ್ಲಿ ಅದನ್ನು ಹಿಡಿಯುವ ಕ್ಲಬ್ಬಿತ್ತು. ಡಾಕ್ಟರು ಸದಸ್ಯರಾದರು. ಆ ಕ್ಲಬ್ಬಿನಲ್ಲಿ ನಮ್ಮ ಬಣ್ಣದವರು ಅವರೊಬ್ಬರೇ. ಮೊಟ್ಟೆಯನ್ನೂ ಮುಟ್ಟದವರೂ ಅವರೊಬ್ಬರೇ.

"ತಿನ್ನೂದಿಲ್ಲಂದ್ರ ಆ ಮೀನಿಗ್ಯಾಕ ತ್ರಾಸು ಕೊಡ್ತೀರಿ?" ಎಂದು ಅವರ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದವರು, ನನ್ನೆದುರೇ ಕೇಳಿದ್ದರು.

"ರೋಗಿಗೂ ಅದನ್ನ ಮಾಡ್ತೀನಲ್ಲ? ಮಲಗಸ್ತೀನಿ, ಕಾಯ್ತೀನಿ, ಎಬ್ಬಿಸಿ ಕಳಸ್ತೀನಿ."

"ಮೊದಲ ಜಳಕಾ ಮಾಡ್ರಿ. ಆಮ್ಯಾಲೆ ಅಡಗೀಮನಿ."

ದೋಣಿ ಕೊಡಿಸಿದವನು ನಾನು. ಹಳೆ ದೋಣಿ ಕೊಳ್ಳುವವರು ಬಣ್ಣ ನೋಡಬಾರದು. ಹಿಂದುಗಡೆ ಮೋಟಾರು ಕೂರುವ ಹಲಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಮೆತ್ತಗೆ ಅನ್ನಿಸಿದರೆ ಪುಕ್ಕಟೆ ಕೊಟ್ಟರೂ ಬೇಡ. ಹದಿನಾರು ಅಡಿಯ ಅಲ್ಯುಮಿನಿಯಂ ದೋಣಿಯೊಂದನ್ನು ಮಾರುವವನ ಜತೆ ಮೂರು ವಾರ ಜಗ್ಗಾಡಿ ತಂದೆ. ಮುಂದಿನ ಮೂರು ತಿಂಗಳ ಶನಿವಾರಗಳೆಲ್ಲ ಡಾಕ್ಟರ ಗ್ಯಾರೇಜಿನಲ್ಲಿ ಕಳೆದವು. ಮುಂಭಾಗಕ್ಕೆ ಮರದ ಅಟ್ಟ ಹಾಸಿದೆವು. ಎರಡು ಬ್ಯಾಟರಿ ಕೂರಿಸಿದೆವು. ಮಧ್ಯದ ಸೀಟಿನ ಕೆಳಗೆ ಮೀನಿನ ತೊಟ್ಟಿ, ಅದಕ್ಕೆ ಕೆರೆಯ ನೀರನ್ನು ಎಳೆದು ತೂತುಗಳಿಂದ ಚಿಮ್ಮಿಸುವ ಪಂಪು. ದೋಣಿ ಹೊತ್ತ ಟ್ರೇಲರನ್ನು ಓಡಿಸಿಕೊಂಡು ಹೋದ ತಕ್ಷಣ ನೀರಿಗಿಳಿಸಬೇಡಿ ಸಾರ್, ಬಿಸಿ ಚಕ್ರ ತಣ್ಣೀರನ್ನು ಒಳಗೆ ಎಳೆದುಕೊಂಡು ಬೇರಿಂಗ್ ಹಾಳಾಗುತ್ತದೆ, ಕಾಲು ಗಂಟೆ ಬಿಡಿ ಎಂದೆ. ಅವರು ಅದನ್ನೂ ಪಟ್ಟಿಯಲ್ಲಿ ಬರೆದುಕೊಂಡರು.

ಪಟ್ಟಿ! ಗ್ಯಾರೇಜಿನ ಗೋಡೆಗೆ ಅಂಟಿಸಿದ್ದ ಆ ಪಟ್ಟಿಯಲ್ಲಿ ಇಪ್ಪತ್ತೆರಡು ಸಂಗತಿ. ದೋಣಿಯ ತಳದ ಬಿರಡೆ ಹಾಕಿದೆಯೇ, ಬ್ಯಾಟರಿ ತುಂಬಿದೆಯೇ, ಪಂಪಿನ ಬಾಯಿಯ ಜಾಲರಿ ತೊಳೆದಿದೆಯೇ... ಪ್ರತಿ ಪಂದ್ಯಕ್ಕೂ ಹೊಸ ಪ್ರತಿ, ಪ್ರತಿಯೊಂದಕ್ಕೂ ಟಿಕ್. ದೋಣಿ ಬಿಡೋದಕ್ಕೆ ಇಷ್ಟೆಲ್ಲ ಯಾಕೆ ಸಾರ್ ಎಂದು ನಾನು ನಕ್ಕಾಗ ಡಾಕ್ಟರು ಗ್ಯಾರೇಜಿನ ಬಾಗಿಲು ಎಳೆದುಕೊಂಡು ಬಂದು ಕೂತರು.

"ತಮ್ಮಾ, ನಿನ್ನ ಹೊಟ್ಟಿಯಾಗ ಇರಲಿ. ಹೋದ ತಿಂಗಳ ಆಪರೇಷನ್ ಥಿಯೇಟರಿನಾಗ ಉಸಿರಿನ ಯಂತ್ರದ ಒಂದು ಕವಾಟ ತೆರ್ಯೂದು ಮರ್ತೆ. ನರ್ಸ್ ನೋಡಿದ್ಲು. ರೋಗಿಗೆ ಏನೂ ಆಗ್ಲಿಲ್ಲ. ಆದ್ರ ನಮ್ಮಪ್ಪಗ ಈ ವಯಸ್ಸಿನಾಗ ಮರವು ಶುರುವಾಗಿತ್ತು. ಕಡೀಕ ನನ್ನ ಹೆಸರೂ ಮರ್ತ."

"ನಮ್ಮನೇವಳು ದಿನಾ ಗ್ಯಾಸ್ ಆರಿಸೋದು ಮರೀತಾಳೆ ಸಾರ್. ಅವಳನ್ನೇನು ಮಾಡಲಿ?"

ಅವರು ನಗಲಿಲ್ಲ. "ಈ ಸೀಜನ್ನಿನ ಐದೂ ಪಂದ್ಯ, ಈ ಪಟ್ಟಿಯಾಗ ಒಂದೂ ತಪ್ಪದಂಗ ದಾಟಿಸಿದ್ನಂದ್ರ ಇನ್ನೈದು ವರ್ಷ ಕೆಲಸ ಮಾಡ್ತೀನಿ. ಒಂದು ತಪ್ಪಿದ್ರೂ ಮರುದಿನ ಆಸ್ಪತ್ರಿಗೆ ರಾಜೀನಾಮೆ. ಒಬ್ಬರ ಉಸಿರಿನ ಜೋಡಿ ಆಟ ಆಡಬಾರ್ದು."

ಬೇರೆಯವರಾದರೆ ವೈದ್ಯರ ಹತ್ತಿರ ಹೋಗುತ್ತಿದ್ದರು. ಡಾಕ್ಟರು ದೋಣಿಯ ಹತ್ತಿರ ಹೋದರು. ಈ ಮಾತು ಅಕ್ಕನಿಗೂ ಗೊತ್ತಿರಲಿಲ್ಲ. ನನಗೊಬ್ಬನಿಗೇ ಹೇಳಿದ್ದರು.

ನಾಲ್ಕು ಪಂದ್ಯ ಸರಿಯಾಗಿ ದಾಟಿದವು. ಕ್ಲಬ್ಬಿನವರು ಅವರ ದೋಣಿಗೆ 'ಆಸ್ಪತ್ರೆ ಹಡಗು' ಎಂದು ಹೆಸರಿಟ್ಟು ನಗುತ್ತಿದ್ದರು. ಡಾಕ್ಟರು ಹೆಚ್ಚೇನೂ ಹಿಡಿದಿರಲಿಲ್ಲ, ಆದರೆ ಇಪ್ಪತ್ತೆರಡಕ್ಕೆ ಇಪ್ಪತ್ತೆರಡು ಟಿಕ್. ಐದನೆಯದು ನವೆಂಬರಿನ ಒಂದು ಭಾನುವಾರ.

ಹಿಂದಿನ ದಿನ ಮಧ್ಯಾಹ್ನ ತೊಟ್ಟಿಯ ಪಂಪು ಕಿರುಗುಟ್ಟಿತು. ಬಿಚ್ಚಿ ನೋಡಿದೆ. ರಬ್ಬರಿನ ಉಂಗುರ ಒಣಗಿತ್ತು. ನೀರಿನಲ್ಲಿ ಕರಗದ ಗ್ರೀಸು ಬೇಕು. ದೋಣಿ ಸಾಮಾನಿನ ಅಂಗಡಿಗೆ ನಾನೇ ಓಡಿದೆ. ಬೆರಳುದ್ದದ ಟ್ಯೂಬಿಗೆ ಅವನು ಹೇಳಿದ ಬೆಲೆ ಕೇಳಿ ನನಗೆ ಸಿಟ್ಟು ಬಂತು. ಹೇಳಿದ ಬೆಲೆ ಕೊಟ್ಟು ನಾನು ಯಾವತ್ತೂ ಏನನ್ನೂ ಕೊಂಡವನಲ್ಲ. ಅರ್ಧಕ್ಕೆ ಕೇಳಿದೆ. ಅವನು ತಲೆಯಾಡಿಸಿದ. ಸರಿ, ನಮ್ಮ ಚಿಕ್ಕಪೇಟೆಯ ಮಂತ್ರ ಹಾಕಿದೆ: ಟ್ಯೂಬನ್ನು ಕೌಂಟರಿನ ಮೇಲಿಟ್ಟು ಬಾಗಿಲ ಕಡೆ ತಿರುಗಿದೆ. ಚಿಕ್ಕಪೇಟೆಯಲ್ಲಾದರೆ ಮೂರನೆಯ ಹೆಜ್ಜೆಗೆ "ಬನ್ನಿ ಸಾಮಿ, ಬೋಣಿ ಟೈಮು, ತಗೊಂಡೋಗಿ" ಎಂಬ ಕೂಗು ಬರಲೇಬೇಕು. ಇಲ್ಲಿ ಬರಲಿಲ್ಲ. ಹೊರಗೆ ಬಂದು ಅಂಗಡಿಯ ಗಾಜಿನ ಕಿಟಕಿಯಲ್ಲಿದ್ದ ಹಗ್ಗಗಳನ್ನು ನೋಡುವವನಂತೆ ನಿಂತೆ. ಅವನು ಬಾಗಿಲಿನವರೆಗೂ ಬಂದ. ಬಂದನಪ್ಪಾ ದಾರಿಗೆ ಅಂದುಕೊಂಡೆ. ಅಂಗಡಿ ಮುಚ್ಚಿದೆ ಎಂಬ ಹಲಗೆ ತಿರುಗಿಸಿ ದೀಪ ಆರಿಸಿದ.

ಈ ದೇಶದಲ್ಲಿ ಎದ್ದು ಹೋಗುವವನನ್ನು ಯಾರೂ ಹಿಂದಕ್ಕೆ ಕರೆಯುವುದಿಲ್ಲ. ಹೊಸದಾಗಿ ಬಂದವರು ಇದನ್ನು ಬರೆದಿಟ್ಟುಕೊಳ್ಳಿ.

ಬರಿಗೈಲಿ ಹೋಗಿ ಡಾಕ್ಟರ ಮುಂದೆ ನಿಲ್ಲಲು ಮನಸ್ಸಾಗಲಿಲ್ಲ. ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಅವರ ಮುಂದೆ ಕೊಚ್ಚಿಕೊಂಡಿದ್ದೆನಲ್ಲ. ದಾರಿಯಲ್ಲೇ ನಮ್ಮ ಮನೆ. ರೇಡಿಯೇಟರ್ ಮೇಲೆ ನನ್ನ ಹೆಂಡತಿಯ ಕೊಬ್ಬರಿ ಎಣ್ಣೆ, ಕರಗಿ ನೀರಾಗಿತ್ತು. ನಮ್ಮಮ್ಮ ಹೊಲಿಗೆ ಯಂತ್ರಕ್ಕೆ ಹಾಕುತ್ತಿದ್ದದ್ದು ಅದೇ, ಬೀಗಕ್ಕೆ ಅದೇ, ಬಾಗಿಲಿನ ಕೀಲಿಗೂ ಅದೇ. ಪಂಪಿಗೇನು ಕೇಡು? ಒಂದು ಲೋಟಕ್ಕೆ ಬಗ್ಗಿಸಿಕೊಂಡು ಹೋದೆ. ಡಾಕ್ಟರು ಒಳಗೆ ಊಟಕ್ಕೆ ಹೋಗಿದ್ದರು. ಉಂಗುರಕ್ಕೆ, ಅಚ್ಚಿಗೆ, ಕೊಳವೆಯ ಒಳಗೆ ಧಾರಾಳವಾಗಿ ಸುರಿದೆ. ಗ್ಯಾರೇಜಿನಲ್ಲಿ ಹೀಟರ್ ಉರಿಯುತ್ತಿತ್ತು. ಒಂದು ಬಕೆಟ್ ನೀರಿಟ್ಟು ಓಡಿಸಿದರೆ ಪಂಪು ಮಗುವಿನ ಹಾಗೆ ಸುಮ್ಮನಾಯಿತು.

"ಗ್ರೀಸ್ ಸಿಕ್ತೇನು ತಮ್ಮಾ?"

"ಹಚ್ಚಿದ್ದೀನಿ ಸಾರ್."

ಅವರು ಪಂಪಿಗೆ ಕಿವಿಯಿಟ್ಟು ಕೇಳಿದರು. ಟಿಕ್ ಹಾಕಿದರು. ಜಾಲರಿಯನ್ನು ತಾವೇ ಬಿಚ್ಚಿ, ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆದು ಹಾಕಿದರು. ನಾನು ಕಣ್ಣಾರೆ ನೋಡಿದೆ. ಅದಕ್ಕೂ ಟಿಕ್ ಹಾಕಿದರು.

ಭಾನುವಾರ ಚಳಿ ಕೊರೆಯುತ್ತಿತ್ತು. ದೋಣಿ ಇಳಿಸಿಕೊಟ್ಟು ನಾನು ವ್ಯಾನಿನಲ್ಲಿ ಚಹಾ ಕುಡಿಯುತ್ತ ಕೂತೆ. ಎರಡು ನಿಮಿಷಕ್ಕೊಂದು ವಿಮಾನ ತಲೆಯ ಮೇಲೆ ಇಳಿಯುತ್ತಿತ್ತು. ಮೂರು ಗಂಟೆಗೆ ದೋಣಿಗಳು ಒಂದೊಂದಾಗಿ ವಾಪಸು ಬಂದವು. ಒಬ್ಬನಿಗೆ ಒಂದು ಮೀನು, ಇನ್ನೊಬ್ಬನಿಗೆ ಅದೂ ಇಲ್ಲ. ಕೊನೆಯಲ್ಲಿ ಡಾಕ್ಟರು. ದೂರದಿಂದಲೇ ಕೈಯೆತ್ತಿ ಮೂರು ಬೆರಳು ತೋರಿಸಿದರು. ಅವರು ಹಾಗೆ ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಪಂದ್ಯದ ನಿಯಮ ಸರಳ. ಮೀನು ಜೀವಂತ ಇರಬೇಕು, ತೂಗಿ ವಾಪಸು ಬಿಡಬೇಕು. ಸತ್ತದ್ದಕ್ಕೆ ತೂಕವಿಲ್ಲ.

ಎಲ್ಲರೂ ಸುತ್ತ ನಿಂತಿದ್ದರು. ಡಾಕ್ಟರು ತೊಟ್ಟಿಯ ಮುಚ್ಚಳ ತೆಗೆದರು. ಮೊಣಕೈಯುದ್ದದ ಮೂರು ಝಾಂಡರ್, ಮೂರೂ ಅಂಗಾತ. ಪಂಪಿನ ಮೋಟಾರು ಗುಂಯ್ ಎನ್ನುತ್ತಲೇ ಇತ್ತು, ಆದರೆ ತೂತುಗಳಿಂದ ಒಂದು ಹನಿ ನೀರು ಬರುತ್ತಿರಲಿಲ್ಲ. ನೀರಿನ ಮೇಲೆ ಬಿಳಿಯ ಚಕ್ಕೆಗಳು ತೇಲುತ್ತಿದ್ದವು... ನನಗೆ ಆ ಕ್ಷಣವೇ ಗೊತ್ತಾಯಿತು. ಕೆರೆಯ ಚಳಿಗೆ ಎಣ್ಣೆ ಹೆಪ್ಪುಗಟ್ಟಿ ತೂತುಗಳಿಗೆ ಮೇಣದಂತೆ ಮೆತ್ತಿಕೊಂಡಿತ್ತು. "ತಾಳಿ ಸಾರ್, ನೋಡ್ತೀನಿ" ಎಂದು ನಾನೇ ಮೊದಲು ಕೈ ಹಾಕಿ ಚಕ್ಕೆಗಳನ್ನು ಬಳಿದು ಜೇಬಿಗೆ ಒರೆಸಿಕೊಂಡೆ.

"ಏನು ಡಾಕ್ಟರೇ, ಇವತ್ತು ರೋಗಿಗಳು ಎದ್ದೇಳಲಿಲ್ಲವಲ್ಲ?" ಎಂದ ಕ್ಲಬ್ಬಿನ ಕಾರ್ಯದರ್ಶಿ. ದಡವೆಲ್ಲ ನಕ್ಕಿತು.

ಡಾಕ್ಟರಿಗೆ ಕೇಳಿಸಿತೋ ಇಲ್ಲವೋ. ಮೊಣಕಾಲೂರಿ, ಒಂದು ಮೀನನ್ನು ಎರಡೂ ಕೈಯಲ್ಲಿ ಹಿಡಿದು ಕೆರೆಯ ನೀರಿಗಿಳಿಸಿ, ಕಿವಿರಿನೊಳಗೆ ನೀರು ಹೋಗಲೆಂದು ಹಿಂದಕ್ಕೆ ಮುಂದಕ್ಕೆ ಆಡಿಸತೊಡಗಿದರು. ಅದನ್ನು ಬಿಟ್ಟು ಇನ್ನೊಂದು. ಇನ್ನೊಂದು ಬಿಟ್ಟು ಮತ್ತೆ ಮೊದಲಿನದು. ಅರ್ಧ ಗಂಟೆ ಕಳೆದಿರಬೇಕು. ಜನ ಬಹುಮಾನ ಹಂಚಿ ಹೋಗಿಯೂ ಆಯಿತು. ಅವರ ಕೈ ನೀಲಿಯಾಗಿತ್ತು, ಮೀನು ಒಂದೂ ಅಲುಗಲಿಲ್ಲ. "ಶಬ್ದ ಬರ್ತಿತ್ತು, ತಮ್ಮಾ. ನಾ ಶಬ್ದ ಕೇಳಿದೆ. ಮೂರನೇದ್ದು ಹಾಕಿದ ಮ್ಯಾಲೆ ಮತ್ತ ಮುಚ್ಚಳಾ ತಗದು ನೋಡಲಿಲ್ಲ" ಎಂದರು.

ವ್ಯಾನಿನಲ್ಲಿ ಕೂತ ಮೇಲೆ ಕೇಳಿದರು: "ಪಂಪು ಸರಿ ಇತ್ತಲ್ಲ?"

ಹೇಳಲು ಅದೇ ಸಮಯ. ಒಂದು ವಾಕ್ಯ ಸಾಕಿತ್ತು.

"ಸರಿ ಇತ್ತಲ್ಲ ಸಾರ್, ನಿನ್ನೆ ನೀವೇ ಕೇಳಿದ್ರಿ. ಜಾಲರಿ ತೊಳೆಯೋದು ಮರೆತ್ರೇನೋ."

ಅವರು ಜೇಬಿನಿಂದ ಪಟ್ಟಿ ತೆಗೆದರು. ಟಿಕ್ ಇತ್ತು. ಅದರ ಮೇಲೆ ಬೆರಳಿಟ್ಟುಕೊಂಡು ಮನೆ ಬರುವವರೆಗೂ ಕೂತರು. "ತೊಳದ ಹಾಕಿದ್ನೋ... ಸುಮ್ಮನ ಹಾಕಿಬಿಟ್ನೋ... ತೊಳದಂಗ ನೆನಪೈತಿ. ಆದ್ರ ಹಂಗ ನೆನಪಾಗೂದ ಅಲ್ಲೇನು ಈ ರೋಗ..."

ಸೋಮವಾರ ಬೆಳಿಗ್ಗೆ ರಾಜೀನಾಮೆ ಕೊಟ್ಟರು.

ನಾನು ಅಲ್ಲಿಗೂ ನಿಲ್ಲಿಸಲಿಲ್ಲ. ತಿಂಗಳ ಕೊನೆಗೆ ಒಂದು ಶಾಲೆಯ ಹಾಲಿನಲ್ಲಿ ನಮ್ಮ ರಾಜ್ಯೋತ್ಸವ. ಬಿಸಿಬೇಳೆಬಾತಿನ ಸಾಲಿನಲ್ಲಿ ಯಾರೋ ಡಾಕ್ಟರು ಇಷ್ಟು ಬೇಗ ಯಾಕೆ ನಿವೃತ್ತರಾದರು ಎಂದು ಕೇಳಿದರು. ಮಾತು ಪಂಪಿನ ಕಡೆ ತಿರುಗೀತೆಂದು ನಾನೇ ಮುಂದಾಗಿ ಹೇಳಿದೆ: "ಅಭ್ಯಾಸಬಲ ಕಣ್ರೀ. ಮೀನಿಗೂ ಅರಿವಳಿಕೆ ಕೊಟ್ಟುಬಿಟ್ರು. ಎಬ್ಬಿಸೋದು ಮರೆತ್ರು." ಸಾಲು ಬಿದ್ದು ಬಿದ್ದು ನಕ್ಕಿತು. ಡಾಕ್ಟರು ನಾಲ್ಕು ತಟ್ಟೆ ಹಿಂದೆ ನಿಂತಿದ್ದರು. ಅವರೂ ನಕ್ಕರು. ಮಾತು ಲಂಡನ್ನಿನ ಈ ತುದಿಯ ಹೌನ್ಸ್ಲೋದಿಂದ ಆ ತುದಿಯ ಇಲ್ಫರ್ಡಿನವರೆಗೆ ಓಡಾಡಿತು. ಆಮೇಲೆ ಅವರು ಯಾವ ಕಾರ್ಯಕ್ರಮಕ್ಕೂ ಬರಲಿಲ್ಲ.

ದೋಣಿಯನ್ನು ಮಾರಿಕೊಟ್ಟವನೂ ನಾನೇ. ಮಾರುವ ಮುಂಚೆ ಆ ಪಂಪನ್ನು ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದು, ಹೇಳಿದ ಬೆಲೆ ಕೊಟ್ಟು ತಂದ ಗ್ರೀಸು ಹಚ್ಚಿದೆ. ಇವತ್ತಿಗೂ ದೋಣಿಯ ಗಿರಾಕಿ ಬಂದರೆ ಹೇಳುತ್ತೇನೆ, ಪಂಪಿನ ಸದ್ದನ್ನು ನಂಬಬೇಡಿ, ಮುಚ್ಚಳ ತೆಗೆದು ನೋಡಿ, ನಮ್ಮಲ್ಲೊಬ್ಬ ಡಾಕ್ಟರಿದ್ದರು ಎಂದು. ಕಥೆ ಕೇಳಿದವರು ಒಂದರ ಬದಲು ಎರಡು ಪಂಪು ಕೊಳ್ಳುತ್ತಾರೆ.

ಡಾಕ್ಟರು ಆರು ವರ್ಷ ಬದುಕಿದರು. ಪ್ರತಿದಿನ ಬೆಳಿಗ್ಗೆ ಕಿಟಕಿಯ ಹತ್ತಿರ ಕೂತು ಮರೆವು ಬರುವುದನ್ನು ಕಾದರು. ಗಾಡಿ ಓಡಿಸುವುದನ್ನು ಬಿಟ್ಟರು. ಒಲೆ ಹಚ್ಚುವುದನ್ನು ಬಿಟ್ಟರು. ಮೊಮ್ಮಗಳನ್ನು ಒಬ್ಬರೇ ಎತ್ತಿಕೊಳ್ಳುತ್ತಿರಲಿಲ್ಲ. ಮರೆವು ಬರಲೇ ಇಲ್ಲ. ಕೊನೆಗೆ ಹೃದಯ ನಿಂತು ಹೋದರು. ಹೋಗುವ ಹಿಂದಿನ ದಿನ ನಾನು ನೋಡಲು ಹೋಗಿದ್ದಾಗ ನನ್ನ ಮಗಳ ಪರೀಕ್ಷೆ ಯಾವ ವಾರ ಎಂಬುದನ್ನು ಅವರೇ ನನಗೆ ನೆನಪಿಸಿದ್ದರು...

ಕಳೆದ ವಾರ ಆ ವಾಸನೆಗೆ ಮನಸ್ಸು ತಡೆಯದೆ ಇಲ್ಫರ್ಡಿನಲ್ಲಿ ಮಗಳ ಜತೆ ಇರುವ ಅಕ್ಕನಿಗೆ ಫೋನ್ ಮಾಡಿದೆ. ಅದೂ ಇದೂ ಮಾತಾಡಿ ಕೊನೆಗೆ ಅವರೇ ಕೇಳಿದರು. "ಒಂದು ಮಾತು ಕೇಳ್ತೀನಿ, ಖರೇ ಹೇಳ್ರಿ. ಆವತ್ತು ದೋಣಿಯೊಳಗ ಇವರು ಖರೇನ ಮರ್ತಿದ್ರೇನು? ನೀವು ಇದ್ರಲ್ಲ ಅಲ್ಲಿ."

"ವಯಸ್ಸಾಗಿತ್ತಲ್ಲ ಅಕ್ಕಾ" ಎಂದೆ.

"ಹೌದು ಬಿಡ್ರಿ," ಎಂದು ಫೋನಿಟ್ಟರು.

ಡಾಕ್ಟರು ಏನನ್ನೂ ಮರೆತಿರಲಿಲ್ಲ. ಜಾಲರಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ್ದರು. ಇದನ್ನು ಇಷ್ಟು ವರ್ಷಕ್ಕೆ ಈಗ ಬರೆಯುತ್ತಿದ್ದೇನೆ. ಅಕ್ಕನಿಗೆ ಎರಡೂ ಕಣ್ಣಿನ ದೃಷ್ಟಿ ಹೋಗಿದೆ. ಮಗಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಆ ಮನೆಯಲ್ಲಿ ಇದನ್ನು ಓದುವವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಪೆನ್ನು ಹಿಡಿದೆ.