ರೊಟ್ಟಿ ಹೊತ್ತಿನ ಗುಳಿಗೆ

ಔರಾದದಲ್ಲಿರುವ ನನ್ನ ಅಕ್ಕನಿಗೆ ಮುಟ್ಟಿಸಲೆಂದು ಬೀದರಿನ ಡಾಕ್ಟರು ನನಗೆ ಒಂದು ಮಾತು ಹೇಳಿ ಕಳಿಸಿದ್ದರು. ನಾನು ಮುಟ್ಟಿಸಲಿಲ್ಲ. ಮರೆತೆ ಎಂದರೆ ನಂಬುವವರಿದ್ದಾರೆ. ಭಾಲ್ಕಿಯಲ್ಲಿ ಗೂಡ್ಸ್ ಆಟೋ ಓಡಿಸುವವನಿಗೆ ಡಾಕ್ಟರ ಮಾತು ಎಲ್ಲಿ ನೆನಪಿರಬೇಕು ಅನ್ನುತ್ತಾರೆ. ಆದರೆ ಯಾವ ತೊಗರಿ ಚೀಲ ಯಾವ ಅಂಗಡಿಗೆ ಹೋಗಬೇಕೆಂಬುದನ್ನು ನಾನು ಎಂದೂ ಮರೆತವನಲ್ಲ. ಆ ಮಾತನ್ನೂ ಮರೆತಿರಲಿಲ್ಲ. ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದೆ.

ಅಕ್ಕನಿಗೆ ನಾನು ಮೊದಲೇ ಋಣಿ. ನನ್ನನ್ನು ಓದಿಸಬೇಕೆಂದು ಅವಳನ್ನು ನಾಲ್ಕನೇ ಇಯತ್ತೆಗೆ ಶಾಲೆ ಬಿಡಿಸಿದರು. ನಾನು ಏಳಕ್ಕೆ ಬಿಟ್ಟು ಇಬ್ಬರ ಓದನ್ನೂ ಒಟ್ಟಿಗೆ ಮುಗಿಸಿದೆ.

ಇದೆಲ್ಲ ಶುರುವಾದದ್ದು ನನ್ನ ಹೊಟ್ಟೆಯಿಂದ. ಅದು ಆಟೋದ ಹ್ಯಾಂಡಲಿಗೆ ತಾಗತೊಡಗಿತ್ತು. ಎಡಕ್ಕೆ ತಿರುಗಬೇಕಾದರೆ ಉಸಿರು ಒಳಗೆಳೆದುಕೊಳ್ಳಬೇಕಿತ್ತು. ಆಗ ಫೋನಿನ ವಿಡಿಯೋದಲ್ಲಿ ಒಬ್ಬ ಸಿಕ್ಕ. ರೊಟ್ಟಿ, ಅನ್ನ, ಸಕ್ಕರೆ ಬಿಡಿ, ಬೆಣ್ಣೆ ಪನೀರು ಹೊಟ್ಟೆ ತುಂಬ ತಿನ್ನಿ, ಕೊಬ್ಬು ತಾನಾಗಿ ಕರಗುತ್ತದೆ ಎಂದ. ಅವನು ಹುಟ್ಟುವಾಗಲೇ ತೆಳ್ಳಗಿದ್ದವನಂತೆ ಕಾಣುತ್ತಿದ್ದ, ಆದರೂ ನಂಬಿದೆ. ಬೇಳೆ ಕೂಡ ಮಿತಿಯಲ್ಲಿರಲಿ ಎಂದ. ತೊಗರಿಯ ನಾಡಿನಲ್ಲಿ, ಮೊಟ್ಟೆಯೂ ಒಳಗೆ ಬಾರದ ನಮ್ಮಂಥ ಮನೆಯಲ್ಲಿ, ಇಷ್ಟೆಲ್ಲ ಬಿಟ್ಟ ಮೇಲೆ ಉಳಿಯುವುದು ಪನೀರು, ಶೇಂಗಾ, ಸೊಪ್ಪು ಮತ್ತು ಸಿಟ್ಟು.

ಸುಳ್ಳು ಹೇಳಬಾರದು, ತೂಕ ಇಳಿಯಿತು. ಮೊದಮೊದಲು ತಲೆ ಸಿಡಿಯಿತು, ಆಮೇಲೆ ಹಸಿವೇ ಕಡಿಮೆಯಾಯಿತು. ಪ್ಯಾಂಟು ಜಾರತೊಡಗಿತು. ಸ್ಟೇಷನ್ ಹತ್ತಿರದ ಚಹಾ ಅಂಗಡಿಯಲ್ಲಿ ನಿಂತು ಸೊಂಟದ ಪಟ್ಟಿಯನ್ನು ಮುಂದಕ್ಕೆ ಎಳೆದು ತೋರಿಸುವುದೇ ನನ್ನ ಕೆಲಸವಾಯಿತು. ಜನ ನನ್ನನ್ನು ಡಾಕ್ಟರೆಂದು ಕರೆದರು. ಚೇಷ್ಟೆಗೆ ಕರೆದರೂ ನಾನು ಓಗೊಟ್ಟೆ. ದಿನವಿಡೀ ಚೀಲ ಹೊರುವ ಹಮಾಲನಿಗೂ ರೊಟ್ಟಿ ಬಿಡೆಂದು ಬೋಧಿಸಿದೆ. ಕೊಯ್ದರೆ ಕೊಬ್ಬು ಸಿಗದ ಮೈ ಅವನದು.

"ಬಿಡ್ತೀನ್ರಿ ಡಾಕ್ಟ್ರೆ," ಎಂದ. "ನಾಳಿಂದ ಚೀಲ ನೀವು ಹೊರ್ರಿ."

ಹೊರಕಡೆ ಹೋಗುವುದೇ ನಿಂತದ್ದನ್ನು, ಬಾಯಿ ನಾರುತ್ತದೆಂದು ಹೆಂಡತಿ ಮುಖ ತಿರುಗಿಸಿ ಮಲಗುತ್ತಿದ್ದುದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಗುರುವಾದವನು ಇದನ್ನೆಲ್ಲ ಹೇಳುವಂತಿಲ್ಲ.

ನನ್ನ ಮಾತನ್ನು ಅಕ್ಷರಶಃ ಪಾಲಿಸಿದವಳು ಅಕ್ಕ ಒಬ್ಬಳೇ. ಅವಳಿಗೆ ಸಕ್ಕರೆ ಕಾಯಿಲೆ, ಮೊಣಕಾಲು ನೋವು. ಅವಳ ತೂಕವೂ ಇಳಿಯಿತು, ಕಾಲು ಹಗುರಾದವು, ಗುಡಿಯ ಮೆಟ್ಟಿಲನ್ನು ಕೈ ಊರದೆ ಹತ್ತಿದಳು.

ಆ ಹೊತ್ತಿಗೇ ನಾನು ನನ್ನ ಮಲಬದ್ಧತೆಗೆ ಔಷಧಿ ಕೇಳಲು ಕದ್ದು ಬೀದರಿಗೆ ಹೋದದ್ದು. ಅಲ್ಲಿಯೂ ಬಾಯಿ ಸುಮ್ಮನಿರಲಿಲ್ಲ. ಅಕ್ಕನ ತೂಕವನ್ನೂ ಇಳಿಸಿದೆನೆಂದು ಕೊಚ್ಚಿಕೊಂಡೆ.

"ಅವರಿಗಿ ಸಕ್ಕರಿ ಗುಳಿಗಿ ಅದಾವೇನು?" ಡಾಕ್ಟರು ಕೇಳಿದರು.

"ಅದಾವ್ರಿ. ಮುಂಜಾನಿ ಒಂದು, ಸಂಜಿಗೊಂದು. ರೊಟ್ಟಿ ಹೊತ್ತಿಗಿ ತಪ್ಪದ ತೊಗೋತಾಳ್ರಿ."

"ರೊಟ್ಟಿ ಬಿಟ್ಟಾರ ಅಂದ್ರಿ. ರೊಟ್ಟಿ ಹೊತ್ತಿನ ಗುಳಿಗಿ ಹಂಗೇ ನುಂಗಲತ್ತಾರ?" ಅವರು ಪೆನ್ನು ಕೆಳಗಿಟ್ಟರು. "ಸಕ್ಕರಿ ಪೂರಾ ಇಳದು ಬಿದ್ದುಬಿಡ್ತಾರ. ಜಲ್ದಿ ಕರಕೊಂಡು ಬರ್ರಿ, ಗುಳಿಗಿ ಕಡಿಮಿ ಮಾಡಬೇಕು. ಅಲ್ಲಿತನಕ ರೊಟ್ಟಿ ಬಿಡಬ್ಯಾಡ ಅಂತ ಹೇಳ್ರಿ. ಬೆವರು, ನಡುಕ ಬಂದ್ರ ತಕ್ಷಣ ಬೆಲ್ಲನೋ ಸಕ್ಕರಿನೋ ಬಾಯಾಗ ಹಾಕ್ರಿ."

ನಮ್ಮ ಕಡೆ ಗುಳಿಗೆಯನ್ನು ಗಡಿಯಾರ ನೋಡಿ ನುಂಗುವುದಿಲ್ಲ, ಊಟದ ಹೊತ್ತು ನೋಡಿ ನುಂಗುತ್ತಾರೆ. ಅಕ್ಕ ರೊಟ್ಟಿ ಬಿಟ್ಟಿದ್ದಳು, ರೊಟ್ಟಿಯ ಹೊತ್ತನ್ನು ಬಿಟ್ಟಿರಲಿಲ್ಲ. ತಾಟಿನ ಮುಂದೆ ಕೂತು, ಗುಳಿಗೆ ನುಂಗಿ, ಸೌತೆಕಾಯಿ ತಿಂದು ಏಳುತ್ತಿದ್ದಳು.

ಆಸ್ಪತ್ರೆಯ ಗೇಟಿನಲ್ಲೇ ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಶುರು ಮಾಡಿದಳು.

"ತಮ್ಮಾ, ಭಜನಿ ಹೆಣ್ಮಕ್ಕಳೆಲ್ಲ ಕೇಳಲತ್ತಾರ, ಯಾವ ಡಾಕ್ಟರಿಗಿ ತೋರಿಸೀದಿ ಅಂತ. ನನ್ನ ತಮ್ಮನೇ ನನ್ನ ಡಾಕ್ಟರ್ ಅಂದೆ. ಎಲ್ಲಾರ ಬಾಯಿ ಬಂದ್. ನೀ ಯಾಕ ಫೋನ್ ಮಾಡಿದಿ?"

"ಏನಿಲ್ಲಕ್ಕಾ. ಹ್ಯಾಂಗಿದ್ದಿ ಅಂತ ಕೇಳಿದೆ."

ಹುಟ್ಟಿದಾಗಿನಿಂದ ನನ್ನನ್ನು ಯಾರೂ ಹಾಗೆ ಹೊಗಳಿರಲಿಲ್ಲ. ರೊಟ್ಟಿ ತಿನ್ನು, ನಿಜವಾದ ಡಾಕ್ಟರ ಹತ್ತಿರ ನಡೆ ಎಂದರೆ ನನ್ನ ಡಾಕ್ಟರಿಕೆ ಅಲ್ಲಿಗೆ ಮುಗಿಯುತ್ತಿತ್ತು. ನಾಳೆ ಹೇಳೋಣ ಎಂದುಕೊಂಡೆ. ನಾಳೆಗಳಿಗೇನು ಬರವಿರಲಿಲ್ಲ.

ಅಷ್ಟರಲ್ಲಿ ಗುರುವಾದ ನಾನೇ ದಾರಿ ತಪ್ಪಿದ್ದೆ. ಬೆಲ್ಲದ ಪೆಂಟಿ ಸಾಗಿಸುವವನ ಮೂಗು ಎಷ್ಟು ದಿನ ತಡೆದೀತು? ಕಾಗದದಲ್ಲಿ ಸುತ್ತಿದ ಬೆಲ್ಲದ ತುಣುಕು ಸದಾ ಜೇಬಿನಲ್ಲಿರುತ್ತಿತ್ತು. ಜಾರುತ್ತಿದ್ದ ಪ್ಯಾಂಟು ತಾನಾಗಿ ನಿಲ್ಲತೊಡಗಿತು. ತೋರಿಸುವಾಗ ಮಾತ್ರ ಉಸಿರು ಒಳಗೆಳೆದುಕೊಳ್ಳುತ್ತಿದ್ದೆ.

ಎಳ್ಳಮಾವಾಸ್ಯೆಗೆ ಅಕ್ಕನ ಹೊಲಕ್ಕೆ ಹೋದೆ. ಅಂದು ಹೊಲದಲ್ಲಿ ತಿನ್ನದೆ ಇರುವವರು ಬೆದರುಗೊಂಬೆಗಳು ಮಾತ್ರ. ಭಜ್ಜಿ, ಸಜ್ಜೆ ರೊಟ್ಟಿ, ಕಡಬು, ಅಂಬಲಿ ಎಲ್ಲವನ್ನೂ ಅಕ್ಕ ನಸುಕಿನಲ್ಲೆದ್ದು ಮಾಡಿದ್ದಳು, ಒಂದನ್ನೂ ಬಾಯಿಗಿಟ್ಟಿರಲಿಲ್ಲ. ಗುಳಿಗೆ ಮಾತ್ರ ತಪ್ಪಿಸಿರಲಿಲ್ಲ.

"ಹಬ್ಬದ ದಿನಾರ ಒಂದು ಕಡಬು ತಿನ್ನು," ಎಂದ ಭಾವ.

"ನನ್ನ ಡಾಕ್ಟರ್ ಇಲ್ಲೇ ನಿಂತಾನ, ಅವನಿಗಿ ಕೇಳ್ರಿ," ಎಂದು ಅಕ್ಕ ನಕ್ಕಳು.

ಎಲ್ಲರೂ ನನ್ನತ್ತ ನೋಡಿದರು. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತಿರಲಿಲ್ಲ. "ಛಲ ಅಂದ್ರ ಹಿಂಗಿರಬೇಕ್ರಿ," ಎಂದೆ.

ಪೂಜೆಯಾದ ಮೇಲೆ ಅವಳು ಚರಗ ಚೆಲ್ಲಲು ಹೊರಟಳು. ಭೂಮಿತಾಯಿಗೆ ಎಡೆಯೆಂದು ಅಡುಗೆಯ ಪಾಲನ್ನು ಹೊಲದ ಸುತ್ತ ಚೆಲ್ಲುತ್ತ ಬರುವ ಪದ್ಧತಿ ಅದು. ಹಿಂದೆ ಭಾವ ನೀರಿನ ತಂಬಿಗೆ ಹಿಡಿದು ನಡೆದ. ಕಡಲೆ ಗಿಡಗಳಿಗೆಲ್ಲ ಕಡಬು ಸಿಕ್ಕಿತು. ಬದುವಿನ ಮೂಲೆ ತಲುಪುವಾಗ ಅಕ್ಕನ ಕೈಯ ಬುಟ್ಟಿ ವಾಲಿತು. ಅವಳು ಕುಸಿದು ಕೂತಳು.

ನಾನು ಓಡಿದೆ. ಆ ಚಳಿಯಲ್ಲೂ ಸೀರೆ ಬೆವರಿನಿಂದ ತೊಯ್ದಿತ್ತು, ಬೆರಳು ನಡುಗುತ್ತಿದ್ದವು. ಕಣ್ಣು ತೆರೆದಿದ್ದಳು, ಆದರೆ ನನ್ನನ್ನು ಯಾರೋ ಎಂಬಂತೆ ನೋಡಿದಳು. ದೃಷ್ಟಿ ತಾಗ್ಯದ, ನಿಂಬೆಹಣ್ಣು ತರ್ರಿ ಎಂದು ಯಾರೋ ಕೂಗಿದರು. ನನ್ನ ಕೈ ಜೇಬಿಗೆ ಹೋಗಿತ್ತು. ಕಾಗದ ಬಿಚ್ಚಿ ಬೆಲ್ಲ ಪುಡಿಮಾಡಿ ಅವಳ ಬಾಯಿಗೆ ಹಾಕಿದೆ. "ಚಪ್ಪರಿಸು ಅಕ್ಕಾ, ನುಂಗು," ಎನ್ನುತ್ತ ಇನ್ನಷ್ಟು ಹಾಕಿದೆ. ಸ್ವಲ್ಪ ಹೊತ್ತಿಗೆ ಬೆವರು ನಿಂತಿತು. ಅವಳು ನನ್ನ ಮುಖ ಗುರುತಿಸಿದಳು.

"ತಮ್ಮ ಇದ್ದ, ಅದಕ್ಕ ಉಳದಳು," ಎಂದ ಭಾವ, ಕಣ್ಣೊರೆಸಿಕೊಳ್ಳುತ್ತ. ಎಲ್ಲರೂ ಹೌದೆಂದರು. ನನಗೆ ದೊಡ್ಡ ತಾಟಿನಲ್ಲಿ ಬಡಿಸಿದರು. ನಾನು ತಿಂದೆ ಕೂಡ.

ಮರುದಿನ ಅವಳನ್ನು ಆಟೋದಲ್ಲಿ ಕೂಡಿಸಿಕೊಂಡು ಬೀದರಿಗೆ ಹೋದೆ. ಡಾಕ್ಟರಿಗೆ ನನ್ನ ಗುರುತೇ ಸಿಗಲಿಲ್ಲ. ದಿನಾ ಎಷ್ಟು ಮುಖ ನೋಡುತ್ತಾರೋ. ಗುಳಿಗೆ ಕಡಿಮೆ ಮಾಡಿದರು. ತೂಕ ಇಳಿದದ್ದು ಒಳ್ಳೆಯದೇ, ಸಕ್ಕರೆ ಮತ್ತೆ ಬೇಡ, ಅನ್ನ ಕಡಿಮೆ ಇರಲಿ, ಆದರೆ ಊಟಕ್ಕೊಂದು ರೊಟ್ಟಿ ಇರಲಿ, ಏನು ಬಿಡುವುದಿದ್ದರೂ ಮೊದಲು ನನ್ನನ್ನು ಕೇಳಿ ಎಂದರು. ಫೋನಿನವನು ಅಷ್ಟೆಲ್ಲ ಕಿರುಚಿ ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಉಳಿದರ್ಧ ಈ ಕೋಣೆಯಲ್ಲಿತ್ತು, ಮತ್ತು ನನ್ನ ಹೊಟ್ಟೆಯಲ್ಲಿ.

ಅಂದರೆ ನಾನು ಪಾರಾಗಿದ್ದೆ. ನನ್ನನ್ನು ಹಿಡಿದುಕೊಡುವವರು ಯಾರೂ ಉಳಿದಿರಲಿಲ್ಲ.

ಮರಳುವಾಗ ಔರಾದ ರಸ್ತೆಯ ಬೇವಿನ ನೆರಳಿನಲ್ಲಿ ಅಕ್ಕ ಆಟೋ ನಿಲ್ಲಿಸೆಂದಳು. ಗಂಟು ಬಿಚ್ಚಿ, ಹಬ್ಬದಲ್ಲಿ ಉಳಿದ ಸಜ್ಜೆ ರೊಟ್ಟಿಯೊಂದನ್ನು ಮುರಿದು ದೊಡ್ಡ ತುಂಡನ್ನು ನನ್ನ ಕೈಗಿಟ್ಟಳು.

"ಒಂದು ಕೇಳ್ತೀನಿ ತಮ್ಮಾ. ಎಲ್ಲಾರೂ ದೃಷ್ಟಿ ಅಂತ ಒದರಲತ್ತಿದ್ರು. ಬೆಲ್ಲ ಹಾಕಬೇಕಂತ ನಿನಗ ಹ್ಯಾಂಗ ಗೊತ್ತಾತು?"

ಫೋನಿನಲ್ಲಿ ನೋಡಿದೆ ಎನ್ನಬಹುದಿತ್ತು. ನಂಬುತ್ತಿದ್ದಳು. ಅವಳು ನಂಬುವುದೇ ನನಗೆ ಭಯವಾಯಿತು.

"ಈ ಡಾಕ್ಟರೇ ಹೇಳಿದ್ರಕ್ಕಾ. ಹಬ್ಬದ ಎಷ್ಟೋ ಮೊದಲ. ಗುಳಿಗಿ ಕಡಿಮಿ ಮಾಡಬೇಕು, ಕರಕೊಂಡು ಬಾ ಅಂದಿದ್ರು. ಅವತ್ತು ಫೋನ್ ಮಾಡಿದ್ದು ಅದನ್ನೇ ಹೇಳಲಿಕ್ಕ. ನೀ ನನಗ ಡಾಕ್ಟರ್ ಅಂದಿ, ನಾ ಸುಮ್ನಾದೆ."

ಅವಳು ರೊಟ್ಟಿ ಅಗಿಯುವುದನ್ನು ನಿಲ್ಲಿಸಿದಳು. ಬೈಯಲಿ ಎಂದು ಕಾದೆ.

"ಹೊಗಳಿಸಿಕೊಳ್ಳಲಿಕ್ಕ ನಿನ್ನ ಜೀವ ಪಣಕ್ಕಿಟ್ಟೆ," ಎಂದೆ. "ತಪ್ಪಾತು ಅಕ್ಕಾ. ನಂದೇ ತಪ್ಪು."