ಹಿಟ್ಟಿನ ಗಾಡಿಯೂ ನನ್ನ ತೂಕವೂ

ಮೊನ್ನೆ ತುಮಕೂರಿನ ಡಾಕ್ಟರೊಬ್ಬರು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಯಂತ್ರ ಹೊಸದು. ಅದರ ಹೊದಿಕೆಯಿಂದ ಇನ್ನೂ ಹೊಸ ರಬ್ಬರಿನ ವಾಸನೆ ಬರುತ್ತಿತ್ತು. ಮುಳ್ಳು ಹೋಗಿ ನಿಂತ ಜಾಗ ನೋಡಿ ಡಾಕ್ಟರು ನಿಟ್ಟುಸಿರು ಬಿಟ್ಟರು. ನಾನು ನಾಚಿಕೊಳ್ಳಬೇಕಿತ್ತು, ಆದರೆ ಹೆಮ್ಮೆಯಾಯಿತು. ತಪ್ಪು ತಿಳಿಯಬೇಡಿ. ಆ ವಾಸನೆ ನನ್ನನ್ನು ಕೆಲವು ವರ್ಷ ಹಿಂದಿನ ಒಂದು ಭಾನುವಾರಕ್ಕೆ, ಗುಬ್ಬಿಯ ನನ್ನ ತಂಗಿ ಗಿರಿಜೆಯ ಮನೆಯಂಗಳಕ್ಕೆ ಎಳೆದುಕೊಂಡು ಹೋಗಿತ್ತು. ನನ್ನ ತೂಕಕ್ಕೆ ಮರ್ಯಾದೆ ಸಿಕ್ಕ ಏಕೈಕ ದಿನ ಅದು.

ಗಿರಿಜೆ ಗಾರ್ಮೆಂಟ್ಸ್ ಕೆಲಸ ಬಿಟ್ಟು ಇಡ್ಲಿ ಹಿಟ್ಟಿನ ವ್ಯಾಪಾರ ಹಿಡಿದಿದ್ದಳು. ಸಂಜೆ ರುಬ್ಬಿ ಡ್ರಮ್ಮಿಗೆ ಹಾಕಿಟ್ಟರೆ ಬೆಳಗಾಗುವುದರೊಳಗೆ ಹಿಟ್ಟು ಉಬ್ಬಿ ಮುಚ್ಚಳ ಮುಟ್ಟುತ್ತಿತ್ತು. ಅದನ್ನು ತನ್ನ ಹಳೆಯ ಪುಟ್ಟ ಟ್ರಕ್ಕಿಗೆ ಏರಿಸಿ, ತಾನೇ ಓಡಿಸಿಕೊಂಡು ಹೋಗಿ, ಕ್ಯಾತ್ಸಂದ್ರದ ಒಂದು ತಟ್ಟೆ ಇಡ್ಲಿ ಹೋಟೆಲಿಗೆ ಕೊಡುತ್ತಿದ್ದಳು. ತಟ್ಟೆ ಇಡ್ಲಿಯ ವಿಚಾರದಲ್ಲಿ ನಮ್ಮ ಕಡೆಯವರು ಎಷ್ಟು ಕಟ್ಟುನಿಟ್ಟು ಎಂಬುದು ನಿಮಗೆ ಗೊತ್ತಿರಬಹುದು. ಬೀಗರ ಮನೆಯಲ್ಲಿ ಕುಂದುಕೊರತೆಯಾದರೆ ನುಂಗಿಕೊಂಡಾರು; ಇಡ್ಲಿ ಗಟ್ಟಿಯಾದರೆ ಮಾತ್ರ ನುಂಗುವುದಿಲ್ಲ. ನಾನಂತೂ ಈ ವಿಷಯದಲ್ಲಿ ಜೀವಮಾನವಿಡೀ ಅಧ್ಯಯನ ನಡೆಸಿದವನು. ಅದರ ಫಲಿತಾಂಶವನ್ನೇ ಡಾಕ್ಟರು ತೂಗಿ ನೋಡಿದ್ದು.

ತೊಂದರೆ ಇದ್ದದ್ದು ಟ್ರಕ್ಕಿನ ಹಿಂದಿನ ಶಾಕ್ ಅಬ್ಸಾರ್ಬರುಗಳಲ್ಲಿ. ಎಣ್ಣೆಯೆಲ್ಲ ಸೋರಿ ಅವುಗಳ ಕಥೆ ಮುಗಿದಿತ್ತು. ರಸ್ತೆಯುಬ್ಬು, ಅಂದರೆ ಹಂಪು, ಬಂದಾಗಲೆಲ್ಲ ಗಾಡಿ ಕುಣಿದು, ರಾತ್ರಿಯೆಲ್ಲ ಉಬ್ಬಿದ ಹಿಟ್ಟು ದಾರಿಯಲ್ಲೇ ಉಸ್ಸೆಂದು ಕೂತುಬಿಡುತ್ತಿತ್ತು. ಗಿರಿಜೆ ಹಂಪು ಕಂಡಾಗಲೆಲ್ಲ ಗಾಡಿಯನ್ನು ತೆವಳಿಸುತ್ತಿದ್ದಳು. ಸೈಕಲ್ಲಿನವರು ಅವಳನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಕೊನೆಗೆ ಹೋಟೆಲಿನ ಯಜಮಾನರು ಮುಖದ ಮೇಲೆಯೇ ಹೇಳಿದರು: “ನೋಡಮ್ಮ, ಸೋಮವಾರ ಒಂದಿನ ನೋಡ್ತೀನಿ. ಅವತ್ತೂ ಹಿಟ್ಟು ಕೂತ್ಕಂಡು ಬಂದ್ರೆ ಬ್ಯಾಡ, ಬೇರೆಯವ್ರಿಗೆ ಹೇಳ್ತೀನಿ.”

ಇದ್ದದ್ದು ಅದೊಂದೇ ಹೋಟೆಲು. ಅದು ಕೈಬಿಟ್ಟರೆ ಗಿರಿಜೆ ಮತ್ತೆ ಗಾರ್ಮೆಂಟ್ಸ್ ಬಸ್ಸು ಹತ್ತಬೇಕಿತ್ತು. ನೀರು ಕುಡಿಯಲು ಎದ್ದರೂ ಸೂಪರ್‌ವೈಸರನ ಬೈಗುಳ ತಿನ್ನಬೇಕಾಗಿದ್ದ ಆ ಕೆಲಸವನ್ನು ಅವಳು ಎಷ್ಟು ದ್ವೇಷಿಸುತ್ತಿದ್ದಳೆಂದು ನನಗೆ ಗೊತ್ತಿತ್ತು.

ಮೆಕ್ಯಾನಿಕ್ಕು ಮುಂದಿನ ವಾರ ಅಂದ. ಗಿರಿಜೆಯ ಗಂಡ ಮಹೇಶ ಕುಣಿಗಲ್ಲಿನ ಅಂಗಡಿಯಿಂದ ಒಂದು ಜೊತೆ ಹೊಸ ಶಾಕು ತಂದ. ಕಂಪನಿಯದಲ್ಲ, ಹೊರಗಿನದು, ಹಳೆಯದಕ್ಕಿಂತ ದಪ್ಪ, ಕಣ್ಣು ಕುಕ್ಕುವ ಕೆಂಪು, ಮೂಗಿಗೆ ಹೊಡೆಯುವ ಹೊಸ ರಬ್ಬರಿನ ವಾಸನೆ. ಗಿರಿಜೆಯ ಅತ್ತೆ ಅವಕ್ಕೆ ವಿಭೂತಿ ಎಳೆದು ಕೈಮುಗಿದರು. ಶನಿವಾರ ಅಂಗಳದಲ್ಲೇ ಕೆಲಸ ಶುರು. ಮಹೇಶ ಮೊಬೈಲಿನಲ್ಲಿ ವಿಡಿಯೊ ನೋಡಿ ಹೇಳುವುದು, ಗಿರಿಜೆ ಗಾಡಿಯಡಿ ಮಲಗಿ ಮಾಡುವುದು, ನಾನು ಕೇಳಿದ ಸ್ಪ್ಯಾನರ್ ಬಿಟ್ಟು ಉಳಿದದ್ದನ್ನೆಲ್ಲ ಕೊಡುವುದು. ಜಾಕಿ ಹಾಕಿ ಗಾಡಿ ಎತ್ತಿ, ತುಕ್ಕು ಹಿಡಿದ ಬೋಲ್ಟುಗಳಿಗೆ ಡೀಸೆಲ್ ಕುಡಿಸಿ, ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿ, ಶಕ್ತಿಯಿದ್ದಷ್ಟೂ ಬಿಗಿದದ್ದಾಯಿತು.

ಭಾನುವಾರ ಬೆಳಿಗ್ಗೆ ಒಂದು ಪಾತ್ರೆ ಉಬ್ಬಿದ ಹಿಟ್ಟನ್ನು ಹಿಂದೆ ಇಟ್ಟು, ಊರ ಹೊರಗಿನ ಹಂಪುಗಳ ಮೇಲೆ ಒಂದು ಸುತ್ತು ಹೋಗಿ ಬಂದೆವು. ಮುಚ್ಚಳ ತೆಗೆದರೆ ಹಿಟ್ಟು ತಳದಲ್ಲಿ ಮಲಗಿತ್ತು.

“ಆಯ್ತು ಬುಡು, ನಮ್ ಹಣೇಲಿ ಇಷ್ಟೇ ಬರ್ದಿರೋದು,” ಎಂದು ಮಹೇಶ ಜಗಲಿಯ ಮೇಲೆ ಕೂತ. ಗಿರಿಜೆ ಗೋಣಿಚೀಲ ಹಾಸಿಕೊಂಡು ಮತ್ತೆ ಗಾಡಿಯಡಿಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ದನಿ ಬಂತು.

“ಅಣ್ಣಾ, ಬಾ ಇಲ್ಲಿ, ಶಾಕಿನ ಬೋಲ್ಟ್ ಸುತ್ತ ಇರೋ ಈ ರಬ್ಬರ್ ಬುಷ್ ನೋಡು. ಬಟ್ಟೆ ಹಿಂಡ್ದಂಗೆ ತಿರುಚ್ಕೊಂಡೈತೆ!”

ಗಾಡಿಯಡಿ ತೂರುವುದು ನನ್ನ ಹೊಟ್ಟೆಗೆ ಆಗದ ಮಾತು. ಮೇಲಿನಿಂದಲೇ “ಯಾಕಂತೆ?” ಅಂದೆ.

“ಗಾಡಿ ಜಾಕಿ ಮೇಲೆ ನೇತಾಡ್ತಿದ್ದಾಗ್ಲೇ ಬಿಗಿದ್ಬಿಟ್ವಿ. ಕೆಳಗಿಳಿದ ಮೇಲೆ ಶಾಕು ವಾಲ್ಕೊಂತು, ರಬ್ಬರ್ ಅಲ್ಲೇ ಕಚ್ಕೊಂಡೈತೆ. ಅಲ್ಲಾಡಕ್ಕೇ ಬಿಡ್ತಿಲ್ಲ. ಲೋಡ್ ಹಾಕಿ ನೆಲದ ಮೇಲೆ ನಿಲ್ಸಿ ಬಿಗೀಬೇಕಿತ್ತು ಕಣಣ್ಣ.”

ಡ್ರಮ್ಮುಗಳಿಗೆ ನೀರು ತುಂಬಿ ಲೋಡು ಮಾಡೋಣವೆಂದರೆ ಅಂದು ನಲ್ಲಿಯಲ್ಲಿ ನೀರಿಲ್ಲ. ಈಚೆಗೆ ಬಂದ ಗಿರಿಜೆಯ ಕಣ್ಣು ನನ್ನ ಮೇಲೆ ಬಿತ್ತು. ಕೊಬ್ಬರಿ ವ್ಯಾಪಾರಿ ಮೂಟೆ ನೋಡುವ ಹಾಗೆ ಅಡಿಯಿಂದ ಮುಡಿಯವರೆಗೂ ನೋಡಿದಳು.

“ಅಣ್ಣ, ನೀನು ಹತ್ತು.”

ನಾನು ಹಿಂದೆ ಹತ್ತಿದ್ದಕ್ಕೇ ಗಾಡಿ ಬಗ್ಗಿತು. ಸಾಲದೆಂದು ಅವಳ ಅತ್ತೆ ಬೀದಿಯವರನ್ನೆಲ್ಲ ಕರೆತಂದರು. ಎದುರು ಮನೆಯ ಅಜ್ಜಿ ಸೆರಗು ಸರಿಮಾಡಿಕೊಂಡು ಹತ್ತಿ, “ಎಲ್ಲಿಗ್ ಕರ್ಕೊಂಡ್ ಹೋಗ್ತೀಯವ್ವ?” ಎಂದು ಕೇಳಿದರು.

“ಎಲ್ಲಿಗೂ ಇಲ್ಲಜ್ಜಿ, ಸುಮ್ಕೆ ಕೂತ್ಕಳಿ.”

“ಹಂಗಾದ್ರೆ ಎಲೆ ಅಡಿಕೇನಾದ್ರೂ ಕೊಡಿ,” ಅಂದರು ಅಜ್ಜಿ. ಅದೂ ಬಂತು. ಈ ಸಲ ಜಾಕಿ ಇಲ್ಲ; ಚಕ್ರಗಳಿಗೆ ಕಲ್ಲು ಕೊಟ್ಟಿದ್ದೆವು. ಗಿರಿಜೆ ಬೋಲ್ಟು ಸಡಿಲಿಸಿದಾಗ ಅಡಿಯಿಂದ ಟಕ್ಕೆಂದು ಶಬ್ದ ಬಂದು ರಬ್ಬರು ನೆಟ್ಟಗಾಯಿತು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಹಾಲು ಉಕ್ಕೀತೆಂದು ಕೆಳಗೆ ಧುಮುಕಿದರು. “ಯಾರದು ಇಳಿದಿದ್ದು? ಗಾಡಿ ಮೇಲಕ್ಕೆದ್ದೋಯ್ತು!” ಎಂದು ಗಿರಿಜೆ ಅಡಿಯಿಂದಲೇ ಕೂಗಿದಳು. ಅವರು ಒಲೆ ಆರಿಸಿ ಓಡಿ ಬಂದು ಮತ್ತೆ ಹತ್ತುವವರೆಗೆ ಯಾರೂ ಉಸಿರು ಬಿಡಲಿಲ್ಲ. ಬೋಲ್ಟುಗಳನ್ನೆಲ್ಲ ಬಿಗಿದಾದ ಮೇಲೆ ಅವಳ ಮಸಿ ಮೆತ್ತಿದ ಮುಖ ಈಚೆಗೆ ಬಂತು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಸೋಮವಾರ ಮುಂಜಾನೆ ನಾನೂ ಜೊತೆಗೆ ಹೋದೆ. ಹೋಟೆಲಿನ ಯಜಮಾನರು ಡ್ರಮ್ಮಿನ ಮುಚ್ಚಳ ಎತ್ತಿದರು. ಹಿಟ್ಟು ಗುಬ್ಬಿಯಲ್ಲಿ ಹೇಗಿತ್ತೋ ಹಾಗೇ, ಗುಮ್ಮಟವಾಗಿ, ಗುಳ್ಳೆ ಗುಳ್ಳೆಯಾಗಿ ನಿಂತಿತ್ತು. ಸೌಟು ಅದ್ದಿ ನೋಡಿದರು. ಮತ್ತೊಮ್ಮೆ ಅದ್ದಿದರು. “ನಾಳೆಯಿಂದ ಇನ್ನೊಂದ್ ಡ್ರಮ್ ತಗೊಂಬಾರಮ್ಮ,” ಅಂದರು. ಗಿರಿಜೆ “ಆಯ್ತು ಸಾರ್” ಎಂದಷ್ಟೇ ಹೇಳಿ, ಗಾಡಿಯ ಹಿಂದೆ ಬಂದು, ನನ್ನ ತೋಳು ಹಿಡಿದು ಅತ್ತೇಬಿಟ್ಟಳು. ನನಗೂ ಕಣ್ಣು ತುಂಬಿತು. ಊರು ಗೆದ್ದು ಬಂದಷ್ಟು ಸಂತೋಷವಾಗಿತ್ತು, ಸುಳ್ಳೇಕೆ ಹೇಳಲಿ?

ಈಗ ಅವಳು ಕ್ಯಾತ್ಸಂದ್ರದ ಅರ್ಧ ಹೋಟೆಲುಗಳಿಗೆ ಹಿಟ್ಟು ಕೊಡುತ್ತಾಳೆ. ಮೊನ್ನೆಯ ನೆನಪಿನ ಗುಂಗಿನಲ್ಲಿ ಇವತ್ತು ಬೆಳಿಗ್ಗೆ ಅವಳ ಪಕ್ಕ ಕೂತು ಹೋದೆ. ಕ್ಯಾತ್ಸಂದ್ರ ಬರುವ ಮುಂಚಿನ ದೊಡ್ಡ ಹಂಪು ಕಂಡಿತು. ಅವಳು ವೇಗ ಇಳಿಸುವ ಲಕ್ಷಣವೇ ಇಲ್ಲ. ನನ್ನ ಬಲಗಾಲು ತಾನಾಗಿ ಎದುರಿನ ತಗಡನ್ನು ಒತ್ತಿ ಹಿಡಿಯಿತು.

“ಕಾಲ್ ತೆಗಿ ಅಣ್ಣ, ಆ ಕಡೆ ಬ್ರೇಕಿಲ್ಲ,” ಎಂದು ಗಿರಿಜೆ ನಕ್ಕು ಹಾರನ್ ಬಾರಿಸಿದಳು.

ನಾನು ಕಾಲು ತೆಗೆದೆ.